ಅರಿವಿ ಒಗೆಯುವುದೂ ಬಾಡಿಗೆಯೊಳಗೇ

ಕರೆಂಟು ಬಾಡಿಗೆಯೊಳಗೇ, ನೀರು ಬಾಡಿಗೆಯೊಳಗೇ, ವಾರಕ್ಕೊಮ್ಮೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದೂ ಬಾಡಿಗೆಯೊಳಗೇ. ರಾಯಚೂರಿನಲ್ಲಿ ಮನೆ ಸಿಕ್ಕಿತೆಂದು ಅಣ್ಣ ಅರಕೇರಾಕ್ಕೆ ಬಂದು ಹೀಗೆ ಹೇಳಿದಾಗ ನಾನು ಒಂದಕ್ಷರವನ್ನೂ ನಂಬಲಿಲ್ಲ. ಅಣ್ಣನಿಗೆ ಸುಳ್ಳು ಹೇಳಿ ರೂಢಿಯಿಲ್ಲ. ಆದರೆ ಪೇಟೆಯವರು ಅವನಿಗೇ ಸುಳ್ಳು ಹೇಳಿ ಕಳಿಸಿರಬಹುದಲ್ಲ! ಮನೆಯನ್ನೂ ಕೊಟ್ಟು, ಮೇಲೆ ನಮ್ಮ ಅಂಗಿಯನ್ನೂ ಯಾರಾದರೂ ಯಾಕೆ ಒಗೆಯುತ್ತಾರೆ?

"ಮನಿ ಮಾಲಕರು ಅಗಸರು," ಎಂದ ಅಣ್ಣ. ಹಾಗೆಂದವನೇ ಅವ್ವನ ಮುಖ ನೋಡಿದ. ರೊಟ್ಟಿ ಬಡಿಯುತ್ತಿದ್ದ ಅವ್ವನ ಕೈ ನಿಂತಿತು.

ಯಾಕೆ ನಿಂತಿತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಆ ಕಾಲದಲ್ಲೂ ನಮ್ಮೂರ ಅಗಸರು ಬೆಳಗಾದರೆ ಮನೆಮನೆಗೆ ಹೋಗಿ ಮೈಲಿಗೆ ಬಟ್ಟೆಯ ಗಂಟು ಹೊತ್ತುಕೊಂಡು ಹಳ್ಳಕ್ಕೆ ಇಳಿಯುತ್ತಿದ್ದರು. ನಮ್ಮ ಕೇರಿಗೆ ಮಾತ್ರ ಬರುತ್ತಿರಲಿಲ್ಲ. ನಾವು ಊರ ಹೊರಗಿನವರು. ನಮ್ಮ ಬಟ್ಟೆ ಮುಟ್ಟಿದ ಕೈಗೆ ಉಳಿದವರು ತಮ್ಮ ಬಟ್ಟೆ ಕೊಡುತ್ತಿರಲಿಲ್ಲ. ಹಳ್ಳದಲ್ಲಿ ಅಗಸರ ಕಲ್ಲು ಮೇಲೆ, ನಮ್ಮ ಹೆಂಗಸರ ಕಲ್ಲು ಕೆಳಗೆ. ಅವರು ಬಿಟ್ಟ ಕೊಳೆ ನೀರು ನಮ್ಮ ಕಡೆಗೇ ಹರಿದು ಬರುತ್ತಿತ್ತು.

"ನಾವ್ ಯಾರಂತ ಕೇಳಲಿಲ್ಲೇನು ಅವರು?" ಎಂದಳು ಅವ್ವ.

"ಅದನ್ನ ಕೇಳಲೇ ಇಲ್ಲ ಬೇ. ಎಷ್ಟು ಜ್ವಾಡಿ ಅರಿವಿ ಅದಾವು ಅಂತ ಕೇಳಿದ್ರು," ಎಂದ ಅಣ್ಣ. ನಾನು ಕಿಸಕ್ಕನೆ ನಕ್ಕೆ. ಅವ್ವ ನಗಲಿಲ್ಲ.

ಅಣ್ಣ ರಾಯಚೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಗೆಳೆಯನೊಬ್ಬನ ಕೋಣೆಯಲ್ಲಿ ಮಲಗಿಕೊಂಡು ಮನೆ ಹುಡುಕಿ ಹುಡುಕಿ ಸಾಕಾಗಿದ್ದ. ಎಲ್ಲಾ ಕಡೆ ಮಾತು ಚೆನ್ನಾಗಿಯೇ ಸುರುವಾಗಿ, "ನೀವು ಏನ್ ಮಂದಿರೀ?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅಣ್ಣ ಹೇಳಿದ ಕೂಡಲೇ ಆ ಮನೆ ಯಾರಿಗೋ ಆಗಲೇ ಕೊಟ್ಟಾಗಿದೆ ಎಂದು ಅವರಿಗೆ ನೆನಪಾಗುತ್ತಿತ್ತು. ಇಷ್ಟೆಲ್ಲಾ ಅವನು ತಿರುಗಿದ್ದು ನನ್ನ ಸಲುವಾಗಿ. ದೇವದುರ್ಗದಲ್ಲಿ ಹತ್ತನೆಯದು ಮುಗಿಸಿದ್ದ ನನಗೆ ರಾಯಚೂರಿನಲ್ಲಿ ಮಾಸ್ತರಿಕೆಯ ತರಬೇತಿಗೆ ಸೀಟು ಸಿಕ್ಕಿತ್ತು, ಹಾಸ್ಟೆಲ್ ಸಿಕ್ಕಿರಲಿಲ್ಲ. ಅಪ್ಪ ಇರಲಿಲ್ಲವಾದ್ದರಿಂದ ಅವ್ವನ ಮಾತೇ ಕಡೆಯ ಮಾತು.

"ಹೆಣ್ಣುಮಗಳನ್ನ ಕಂಡವ್ರ ಮನ್ಯಾಗ ಬಿಡಂಗಿಲ್ಲ ನಾ. ಒಂದು ಮನಿ ಮಾಡು, ಕರ್ಕೊಂಡು ಹೋಗು. ಸಾಲಿ ಸುರು ಆಗೂದ್ರಾಗ ನಾ ಬಂದು ನೋಡ್ತೀನಿ. ಮನಸಿಗಿ ಬರಲಿಲ್ಲಂದ್ರ ಕಲ್ಲೂರಾಗ ನಮ್ಮಣ್ಣನ ಮಗ ಅದಾನ," ಎಂದಿದ್ದಳು.

ಮಾನ್ವಿ ಕಡೆಯ ಕಲ್ಲೂರಿನ ಆ ಸೋದರಮಾವನ ಮಗ ಕೆಟ್ಟವನೇನಲ್ಲ. ನಾಲ್ಕು ಜನರ ನಡುವೆ ಕೂತರೆ ತನ್ನ ಎತ್ತುಗಳ ವಿಷಯ ಬಿಟ್ಟು ಬೇರೆ ಆಡುತ್ತಿರಲಿಲ್ಲ, ಅಷ್ಟೆ. ಎತ್ತುಗಳ ಬಗ್ಗೆ ನನಗೂ ಕುತೂಹಲ ಇತ್ತು, ಆದರೆ ಜೀವನಪರ್ಯಂತ ಸಾಲುವಷ್ಟಲ್ಲ.

ಹೀಗೆ ಒಂದು ಬೇಸಿಗೆಯಲ್ಲಿ ನಾನು ಅಣ್ಣನ ಹಿಂದೆ ರಾಯಚೂರಿಗೆ ಬಂದೆ. ಮನೆ ಕೋಟೆ ಗೋಡೆಯ ಪಕ್ಕದ ಒಂದು ಗಲ್ಲಿಯಲ್ಲಿತ್ತು. ಕೆಳಗೆ ಮುಂಭಾಗದಲ್ಲಿ ಇಸ್ತ್ರಿ ಅಂಗಡಿ, ಹಿಂದೆ ಮಾಲಕರ ಮನೆ, ಅದರ ಹಿಂದೆ ನೀರಿನ ಹೌಜು, ಒಗೆಯುವ ಕಲ್ಲು ಇದ್ದ ದೊಡ್ಡ ಅಂಗಳ. ಅಂಗಳದಿಂದ ಕಲ್ಲಿನ ಮೆಟ್ಟಿಲು ಹತ್ತಿದರೆ ನಮ್ಮ ಕೋಣೆ. ಶಹಾಬಾದಿ ಕಲ್ಲಿನ ನೆಲ, ಮೂಲೆಯಲ್ಲಿ ಅಡುಗೆಕಟ್ಟೆ, ನಡುವೆ ಒಂದು ಬಲ್ಬು. ಆ ಬಲ್ಬಿನ ಗುಂಡಿಯನ್ನು ನಾನು ಮೊದಲ ದಿನ ಎಷ್ಟು ಸಲ ಒತ್ತಿದೆನೆಂದರೆ ಕೆಳಗಿನಿಂದ ಮಾಲಕಿಯ ಧ್ವನಿ ಬಂತು. "ಏ ಬೇ! ಕರೆಂಟು ಬಾಡಿಗಿ ಒಳಗ ಅದ ಅಂದ್ರ ಆಟ ಆಡಾಕಲ್ಲ!"

ಮಾಲಕಿಗೆ ಆಗ ನಮ್ಮವ್ವನಷ್ಟೇ ವಯಸ್ಸಿರಬೇಕು. ಅಗಲ ಹೆಗಲು, ಒಗೆದು ಒಗೆದು ಬೆಳ್ಳಗೆ ಸುಕ್ಕುಗಟ್ಟಿದ ಬೆರಳು, ಗಲ್ಲಿಯ ಆ ತುದಿಗೂ ಮುಟ್ಟುವ ಗಂಟಲು. ಅವಳ ಗಂಡ ಅಂಗಡಿಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತರೆ ಮಾತೇ ಆಡುತ್ತಿರಲಿಲ್ಲ. ಆಡುವುದನ್ನೆಲ್ಲ ಇವಳೇ ಆಡಿ ಮುಗಿಸುತ್ತಿದ್ದಳು. ಸ್ಟೇಷನ್ ಕಡೆಯ ಲಾಡ್ಜುಗಳ ಚಾದರ ಒಗೆದು ಒಗೆದು ಕಟ್ಟಿದ ಮನೆ ಅದು. "ನಮ್ಮ ಮನ್ಯಾಗ ಇದ್ದವ್ರು ನಮ್ಮ ಕೈಯಾಗಿನ ಮಡಿ ಅರಿವೀನೇ ಉಡಬೇಕು. ಹೊಲಸು ಅಂಗಿ ಹಾಕ್ಕೊಂಡು ನಮ್ಮ ಮೆಟ್ಟಲಾ ಇಳಿದ್ರ ನಮ್ಮ ಮರ್ಯಾದಿ ಏನಾಗಬೇಕು?" ಎಂಬುದು ಅವಳ ವಾದ. ನನಗೆ ಆ ವಾದ ಬಹಳ ಹಿಡಿಸಿತು.

ಅಣ್ಣನಿಗೆ ಹಿಡಿಸಲಿಲ್ಲ. ಟ್ರಂಕು ಇಳಿಸುವ ಮೊದಲೇ ನನ್ನನ್ನು ಮೂಲೆಗೆ ಕರೆದು, "ನಮ್ಮ ಅರಿವಿ ಒಂದೂ ಕೆಳಗ ಹೋಗಬಾರದು," ಎಂದು ಪಿಸುಗುಟ್ಟಿದ.

"ಅವರ ಹೌಜಿನ ನೀರು ತುಂಬ್ಕೋಬಹುದು, ಅವರ ಲೈಟ್ ಹಚ್ಚಬಹುದು. ಅರಿವಿ ಯಾಕ ಕೊಡಬಾರದು?"

"ನೀರು ಮುನ್ಸಿಪಾಲ್ಟಿದು, ನಲ್ಯಾಗ ಬರ್ತದ. ಕರೆಂಟು ವಾಯರ್‌ನಾಗ ಬರ್ತದ. ಅರಿವಿ ಹಂಗಲ್ಲ. ಅದಕ್ಕ ಒಬ್ಬರ ಕೈ ಹತ್ತಬೇಕು. ಗೊತ್ತಿಲ್ಲದಂಗ ಅವರ ಕೈಲೆ ಒಗಿಸಿ, ಆಮ್ಯಾಲ ಗೊತ್ತಾದ್ರ? ಅವತ್ತೇ ಗಂಟು ಕಟ್ಟಬೇಕು. ನಿನ್ನ ಸಾಲಿನೂ ಅಲ್ಲಿಗೇ ಮುಗೀತು."

ಹೀಗಾಗಿ ಪ್ರತಿ ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಅಣ್ಣ ಮೈಲಿಗೆ ಬಟ್ಟೆಯನ್ನೆಲ್ಲ ಒಂದು ಚೀಲಕ್ಕೆ ತುಂಬಿ ಅರಕೇರಾದ ಬಸ್ಸು ಹತ್ತುತ್ತಿದ್ದ. ಅವ್ವ ಹಳ್ಳದಲ್ಲಿ ಒಗೆದು ಒಣಗಿಸಿ ಕೊಡುತ್ತಿದ್ದಳು. ಆಯಿತವಾರ ಸಂಜೆ ಅದೇ ಚೀಲ ಹೊತ್ತು ಬರುತ್ತಿದ್ದ. ಆ ಒಂದು ರಾತ್ರಿ ನಾನು ಚಿಲಕ ಹಾಕಿಕೊಂಡು ಒಬ್ಬಳೇ ಇರುವುದಕ್ಕೆ ಅವ್ವ ಗೊಣಗುತ್ತಲೇ ಒಪ್ಪಿದ್ದಳು. ಅಗಸರ ಮನೆಯಲ್ಲಿ ಬಾಡಿಗೆಗಿದ್ದು, ಬಟ್ಟೆ ಒಗೆಸಲು ಅಷ್ಟು ದೂರ ಬಸ್ಸಿನಲ್ಲಿ ಹೋಗುವ ಗಂಡಸು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಇದ್ದಿರಬೇಕು. ಮಾಲಕಿ ಕೇಳಿದರೆ, "ಊರಿಗಿ ಸಂತಿ ಒಯ್ಯಾಕತ್ತೀನ್ರಿ," ಎನ್ನುತ್ತಿದ್ದ.

ಅಣ್ಣ ಕಚೇರಿಗೆ ಹೋದ ಮೇಲೆ ನನಗೆ ಕೆಲಸವಿರಲಿಲ್ಲ. ಮೆಟ್ಟಿಲಿಳಿದು ಅಂಗಳಕ್ಕೆ ಹೋಗಿಬಿಡುತ್ತಿದ್ದೆ. ಅಗಸರ ಕೆಲಸವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು, ನೋಡಿದಷ್ಟೂ ಸಾಲುತ್ತಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಬ್ಬೆ. ದೊಡ್ಡ ಒಲೆಯ ಮೇಲೆ ನೀರಿನ ಹಂಡೆ ಇಟ್ಟು, ಸೌಳುಮಣ್ಣಿನ ನೀರಲ್ಲಿ ಅದ್ದಿದ ಬಟ್ಟೆಗಳನ್ನು ಹಂಡೆಯ ಬಾಯಿಯ ಸುತ್ತ ಆಳೆತ್ತರಕ್ಕೆ ಪೇರಿಸಿ, ಮೇಲೆ ಗೋಣಿತಟ್ಟು ಮುಚ್ಚಿ ಕೆಳಗೆ ಬೆಂಕಿ ಹಾಕುತ್ತಿದ್ದರು. ಉಗಿ ಬಟ್ಟೆಯ ಒಳಗೆಲ್ಲ ಹೊಕ್ಕು ಕೊಳೆ ಬಿಡಿಸುತ್ತಿತ್ತು. ಲಾಡ್ಜಿನ ಚಾದರ, ವಕೀಲರ ಧೋತರ, ಅಂಗಡಿಕಾರರ ಪೈಜಾಮ, ಎಲ್ಲವೂ ಒಂದೇ ಉಬ್ಬೆಯಲ್ಲಿ ಬೇಯುತ್ತಿದ್ದವು. ಆ ವಾಸನೆ ನನಗೆ ಈಗಲೂ ಇಷ್ಟ.

"ಇಷ್ಟರಾಗ ಯಾರದು ಯಾವುದಂತ ಹೆಂಗ ಗೊತ್ತಾಗ್ತದ ಯವ್ವಾ?" ಎಂದು ಕೇಳಿದ್ದೆ.

ಅವಳು ಒಂದು ಅಂಗಿಯ ಕಾಲರು ಮಗುಚಿ ತೋರಿಸಿದಳು. ಕೇರುಬೀಜದ ರಸದಲ್ಲಿ ಸೂಜಿಯಿಂದ ಇಟ್ಟ ಕಪ್ಪು ಚುಕ್ಕಿ, ಗೆರೆ. ಒಂದೊಂದು ಮನೆಗೆ ಒಂದೊಂದು ಗುರುತು. ಬಟ್ಟೆ ನೋಡಿಯೇ ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಜ್ವರದಿಂದ ಮಲಗಿದ್ದಾರೆ ಎಂದು ಹೇಳುತ್ತಿದ್ದಳು. "ನಿಮ್ಮ ಮನಿ ಸುದ್ದಿ ಒಂದೇ ನನಗ ತಿಳೀವಲ್ದು. ಒಂದು ಟವೆಲ್ ಸೈತ ಕೆಳಗ ಬರಲಿಲ್ಲ," ಎಂದು ನನ್ನ ಕಡೆ ಓರೆನೋಟ ಬೀರಿದಳು. ನಾನು ಬೆಕ್ಕಿನ ಹಾಗೆ ಮೆಟ್ಟಿಲು ಹತ್ತಿ ಮಾಯವಾದೆ.

ಈ ಮುಚ್ಚುಮರೆಯ ಇನ್ನೊಂದು ಸಂಕಟ ಊಟದ್ದು. ನಾವು ಬಾಡು ಬೇಯಿಸಿದರೆ ವಾಸನೆ ಕೆಳಗೆ ಹೋಗಿ ಇವರು ಯಾರೋ ಏನೋ ಎಂದು ಸಂಶಯ ಬರುತ್ತದೆಂದು ಅಣ್ಣ ಅದನ್ನೂ ನಿಲ್ಲಿಸಿದ್ದ. ಆಯಿತವಾರವೂ ಮೆಂತ್ಯಪಲ್ಲೆ, ಬುಧವಾರವೂ ಮೆಂತ್ಯಪಲ್ಲೆ. ಇತ್ತ ಕೆಳಗಿನವರು ಆಯಿತವಾರ ಮಧ್ಯಾಹ್ನ ಬಾಗಿಲು ಕಿಟಕಿ ಎಲ್ಲಾ ಭದ್ರವಾಗಿ ಹಾಕಿಕೊಳ್ಳುತ್ತಿದ್ದರು. ಅಷ್ಟು ಸೆಕೆಯಲ್ಲಿ ಯಾಕೆ ಹೀಗೆ ಒಳಗೆ ಕುದಿಯುತ್ತಾರೆ ಎಂದು ನನಗೆ ಆಶ್ಚರ್ಯ. ಬಾಗಿಲ ಸಂದಿಯಿಂದ ಕುರಿ ಬಾಡಿನ ಘಮ ತೇಲಿ ಬರುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಅದನ್ನೇ ಎಳೆದುಕೊಳ್ಳುತ್ತಾ ಒಣ ರೊಟ್ಟಿ ಕಡಿಯುತ್ತಿದ್ದೆ. ಅಣ್ಣನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಮಿರಗದ ಮಳೆ ಕೂಡುವ ಮುಂಚಿನ ಒಂದು ಶನಿವಾರ ಎಲ್ಲವೂ ಒಡೆಯಿತು. ಅಣ್ಣ ಚೀಲ ಎತ್ತಿಕೊಂಡು ಬಾಗಿಲಿಗೆ ಬಂದಿದ್ದ. ಮಾಲಕಿ ಮೆಟ್ಟಿಲು ಹತ್ತಿ ಬಂದು ಅವನೆದುರಿಗೇ ನಿಂತಳು. ಅವಳು ನಮ್ಮ ಹೊಸ್ತಿಲವರೆಗೆ ಬಂದದ್ದು ಅದೇ ಮೊದಲು. ಚೀಲದಿಂದ ಅಣ್ಣನ ಅಂಗಿಯ ತೋಳೊಂದು ಹೊರಗೆ ಇಣುಕುತ್ತಿತ್ತು.

"ಸಂತಿ ಅಂದ್ರಲ, ಇದೇನ್ರಿ ಸಂತಿ? ನನ್ನ ಮನ್ಯಾಗ ಇದ್ದು ಬ್ಯಾರೆ ಅಗಸರಿಗೆ ಹಾಕ್ತೀರಿ? ಗಲ್ಲಿ ಮಂದಿ ಕೇಳಾಕತ್ಯಾರ, ನಿನ್ನ ಬಾಡಿಗಿಯವ್ರೇ ನಿನ್ನ ಕಡೆ ಒಗಸೂದಿಲ್ಲಲ್ಲ ಅಂತ. ನಾ ಏನಂತ ಹೇಳಲಿ?"

"ಬ್ಯಾರೆ ಅಗಸರಿಗಲ್ರಿ... ನಮ್ಮವ್ವ ಒಗಿತಾಳ್ರಿ," ಎಂದ ಅಣ್ಣ. ಅವನ ಧ್ವನಿ ಅವನಿಗೇ ಕೇಳಿಸಿರಲಿಕ್ಕಿಲ್ಲ.

ಮಾಲಕಿಯ ಮುಖ ಕೆಂಪಗಾಯಿತು. "ಹಂಗಾದ್ರ ನಾ ಅನಕೊಂಡಿದ್ದೇ ಖರೆ ಆತು. ನೀವು ಮಡಿ ಮಂದಿ! ಹೊತ್ತು ಹುಟ್ಟೂದ್ರಾಗ ಜಳಕ, ಬಾಡಿನ ವಾಸನಿ ಇಲ್ಲ, ಅರಿವಿ ಕೊಡೂದಿಲ್ಲ. ನಿಮಗಿಂತ ಮುಂಚೆ ಇಲ್ಲಿ ಒಬ್ಬಾಕಿ ಇದ್ಲು. ನಾ ಇಸ್ತ್ರಿ ಮಾಡಿ ಕೊಟ್ಟ ಸೀರಿ ಮ್ಯಾಲ, ನನ್ನ ಕಣ್ಣೆದುರಿಗೇ, ಒಂದು ತಂಬಗಿ ನೀರು ಸುರದು ಆಮ್ಯಾಲ ಒಳಗ ಒಯ್ತಿದ್ಲು. ನನ್ನ ಕೈ ಮೈಲಿಗಿ, ಅದಕ್ಕ. ಅವತ್ತೇ ಅನಕೊಂಡೆ, ನನ್ನ ಕೈ ಒಲ್ಲದವ್ರಿಗೆ ನನ್ನ ಮನಿ ಕೊಡಂಗಿಲ್ಲ ಅಂತ. ಮುಂದಿನ ತಿಂಗಳಿಗೆ ಖಾಲಿ ಮಾಡ್ರಿ."

ಅಣ್ಣ ಚೀಲ ಕೆಳಗಿಟ್ಟ. ನನಗೆ ಒಳಗಿನಿಂದ ಏನೋ ಉಕ್ಕಿ ಬಂತು. ನಗುವೋ ಅಳುವೋ ನನಗೇ ತಿಳಿಯಲಿಲ್ಲ. ನಾವು ಕೆಳಗಿನವರೆಂದು ಗೊತ್ತಾಗಬಾರದೆಂದು ಇಷ್ಟು ದಿನ ಒದ್ದಾಡಿದರೆ ಈ ಹೆಂಗಸು ನಮ್ಮನ್ನು ತನಗಿಂತ ಮೇಲಿನವರೆಂದು ತಿಳಿದು ಓಡಿಸುತ್ತಿದ್ದಾಳಲ್ಲ! ಸುಮ್ಮನಿದ್ದರೂ ಮನೆ ಹೋಗುತ್ತದೆ, ಹೇಳಿದರೂ ಹೋಗುತ್ತದೆ. ಹೇಳಿಯೇ ಹೋಗೋಣ ಎನ್ನಿಸಿತು.

"ಯವ್ವಾ, ನಮ್ಮ ಅರಕೇರ್ಯಾಗ ಅಗಸರು ನಮ್ಮ ಕೇರಿಗಿ ಬರೂದಿಲ್ಲ," ಎಂದೆ. "ನಮ್ಮ ಅರಿವಿ ಅವರು ಮುಟ್ಟೂದಿಲ್ಲ. ಅದಕ್ಕ ನಿನಗ ಕೊಟ್ಟಿಲ್ಲ."

ಮಾಲಕಿ ನನ್ನ ಮುಖ ನೋಡಿದಳು, ಅಣ್ಣನ ಮುಖ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. "ನಾ ಯಾರನ್ನೂ ಏನ್ ಮಂದಿ ಅಂತ ಕೇಳೂದಿಲ್ಲ," ಎಂದಳು. "ಕೇಳಿದ್ರ ತಿರುಗಿ ನಮ್ಮನ್ನೂ ಕೇಳ್ತಾರ." ಸೆರಗು ಕೊಡವಿಕೊಂಡು ಎದ್ದು ಕೆಳಗೆ ಹೋದಳು.

ಅಣ್ಣ ಆ ವಾರ ಊರಿಗೆ ಹೋಗಲಿಲ್ಲ. ಟ್ರಂಕಿನ ಮುಚ್ಚಳ ತೆಗೆದು ಸಾಮಾನು ಹಾಕುವುದು, ಮತ್ತೆ ತೆಗೆಯುವುದು, ಇದನ್ನೇ ಮಾಡುತ್ತಾ ಕೂತ. ನನಗೆ ಕಲ್ಲೂರಿನ ಎತ್ತುಗಳು ಕಣ್ಣಮುಂದೆ ಬರತೊಡಗಿದವು. ಆಯಿತವಾರವೆಲ್ಲ ಕೆಳಗಿನಿಂದ ಒಂದು ಬೈಗುಳವೂ ಬರಲಿಲ್ಲ. ನಾನು ಹೌಜಿಗೆ ನೀರು ತರಲು ಹೋದಾಗ ಗಂಡ ಹೆಂಡತಿ ಒಳಗೆ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಆ ಮಾತಾಡದ ಮನುಷ್ಯನೂ ಮಾತಾಡುತ್ತಿದ್ದನೆಂದರೆ ವಿಷಯ ದೊಡ್ಡದೇ ಇರಬೇಕು. ಕೊಡ ಅರ್ಧ ತುಂಬುತ್ತಲೇ ಎತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟೆ.

ಸೋಮವಾರ ಉಬ್ಬೆ ಇಡುವ ದಿನ. ಬೆಳಿಗ್ಗೆ ಅಂಗಳದಿಂದ ಹಳೆಯ ಗಂಟಲೇ ಕೂಗಿತು. "ಏ ಬೇ! ಅರಿವಿ ತಂದು ಹಾಕು!"

ನಾನು ಚೀಲ ತೆಗೆದುಕೊಂಡು ಇಳಿದೆ. ಕೊಡುವ ಮೊದಲು ಗಟ್ಟಿಯಾಗಿ ಹಿಡಿದುಕೊಂಡು, "ನಮಗ ಬ್ಯಾರೆ ಉಬ್ಬಿ ಇಡ್ತೀ ಏನು? ಹಂಗಿದ್ರ ಬ್ಯಾಡ, ನಾವೇ ಒಕ್ಕೋತೀವಿ," ಎಂದೆ. ಅಷ್ಟು ಸೊಕ್ಕು ಎಲ್ಲಿಂದ ಬಂತೋ.

"ಬ್ಯಾರೆ ಉಬ್ಬಿಗಿ ಕಟ್ಟಿಗಿ ಯಾರು ತರ್ತಾರ, ನಿಮ್ಮಣ್ಣನೇನು?" ಎಂದು ಚೀಲ ಕಿತ್ತುಕೊಂಡಳು. ಅಣ್ಣನ ಅಂಗಿಯನ್ನು ಲಾಡ್ಜಿನ ಚಾದರಗಳ ನಡುವೆ ತುರುಕಿ, ಅದರ ಮೇಲೆ ವಕೀಲರ ಧೋತರ ಹೊದಿಸಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಆದ್ರ ಹೊರಗ ಬಾಯಿ ಬಿಡಬ್ಯಾಡ. ಗಿರಾಕಿ ಹೋದ್ರ ನನ್ನ ಹೊಟ್ಟಿ ಮ್ಯಾಲ ಬೀಳ್ತದ," ಎಂದಳು.

ಆ ಮಾತು ನನಗೆ ಚುಚ್ಚಿತು. ಈಗಲೂ ನೆನೆದರೆ ಚುಚ್ಚುತ್ತದೆ. ಆದರೆ ಅವಳು ಹೆದರುತ್ತಿದ್ದದ್ದೂ ನಿಜ, ಹೆದರಿಕೊಂಡೇ ಆ ಅಂಗಿಯನ್ನು ಉಬ್ಬೆಗೆ ಹಾಕಿದ್ದೂ ನಿಜ. ನಾನು ಹೂಂ ಎಂದೆ. ಅವಳು ಒಲೆಗೆ ಕಟ್ಟಿಗೆ ದೂಡುತ್ತಾ ಇದ್ದಕ್ಕಿದ್ದ ಹಾಗೆ ತಲೆಯೆತ್ತಿದಳು. "ಅಂದ್ರ ನೀವು ಬಾಡು ತಿಂತೀರಿ? ಯಪ್ಪಾ! ಇಂಥಾ ಬ್ಯಾಸಗ್ಯಾಗ ನಿಮ್ಮ ಸಲುವಾಗಿ ಕಿಟಕಿ ಹಾಕ್ಕೊಂಡು ಬೆವತು ಸತ್ತೀನಲ್ಲಬೇ!" ಇಬ್ಬರೂ ನಕ್ಕು ನಕ್ಕು ಸುಸ್ತಾದೆವು. ಅಣ್ಣನನ್ನು ಅವಳು ಮೊದಲಿನಂತೆ "ರೀ" ಹಚ್ಚಿಯೇ ಮಾತಾಡಿಸುತ್ತಾಳೋ ಇಲ್ಲವೋ ಎಂದು ನಾನು ಸಂಜೆಯವರೆಗೆ ಕಾದು ಕೇಳಿಸಿಕೊಂಡೆ. ಹಚ್ಚಿಯೇ ಮಾತಾಡಿಸಿದಳು.

ಮನೆಯೇನೋ ಉಳಿಯಿತು. ಅವ್ವನ ಒಪ್ಪಿಗೆ ಇನ್ನೂ ಬಾಕಿಯಿತ್ತು. ತರಬೇತಿ ಸುರುವಾಗುವ ಮುಂಚೆ, ಹೇಳಿದ್ದಂತೆ, ಅವಳು ಬಂದಳು. ಬಸ್ಸಿನ ಧೂಳೆಲ್ಲ ಸೀರೆಗೆ ಹತ್ತಿತ್ತು. ನಡೆದದ್ದನ್ನೆಲ್ಲ ಅಣ್ಣ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಹೌಜಿನ ಹತ್ತಿರ ನಿಂತವಳು ತಂಬಿಗೆ ಮುಟ್ಟಲಿಲ್ಲ. ನೀನೇ ಹಾಕು ಎಂದು ನನ್ನೆದುರು ಕೈ ಒಡ್ಡಿದಳು. ಕೋಣೆಯನ್ನು ನೋಡಿ, "ಇವತ್ತು ಇಟ್ಕೊಂಡಾರ. ನಾಳೆ ಯಾರರ ಒಂದು ಮಾತು ಅಂದ್ರ ಹೊರಗ ಹಾಕ್ತಾರ. ಆಗ ಈಕಿನ್ನ ಎಲ್ಲಿ ಇಡ್ತೀ?" ಎಂದು ಅಣ್ಣನನ್ನು ಕೇಳಿದಳು. ಅವನು ಟ್ರಂಕಿನ ಕಡೆ ನೋಡಿದ.

ಅಷ್ಟರಲ್ಲಿ ಮಾಲಕಿ ಮೇಲೆ ಬಂದಳು. "ಸೀರಿ ಧೂಳಾಗ್ಯಾದ, ಬಿಚ್ಚಿ ಕೊಡ್ರಿ," ಎಂದಳು, ಯಾರು ಏನು ಎತ್ತ ಎಂದು ವಿಚಾರಿಸುವ ಮೊದಲೇ.

"ಬ್ಯಾಡ್ರಿ, ನಾ ಒಕ್ಕೋತೀನಿ."

"ಬಾಡಿಗಿ ಒಳಗ ಅದ್ರಿ ಇದು. ಬಿಡಂಗಿಲ್ಲ ನಾ."

ಅವ್ವ ಬೇರೆ ಸೀರೆ ಉಟ್ಟು ಧೂಳಿನ ಸೀರೆ ಕೊಟ್ಟಳು. ಕೊಟ್ಟವಳಿಗೆ ಮೇಲೆ ಕೂರಲಾಗಲಿಲ್ಲ. ಹಿಂದಿನಿಂದಲೇ ಇಳಿದು ಹೋಗಿ ಕಲ್ಲಿನ ಮೇಲಿದ್ದ ಸೀರೆಗೆ ಕೈಹಾಕಿದಳು. ಮಾಲಕಿ ಆ ಕೈ ಸರಿಸಿ, "ನಮ್ಮ ಕಲ್ಲಿನ ಮ್ಯಾಲ ಬ್ಯಾರೆಯವ್ರು ಒಗಿಯಂಗಿಲ್ಲ. ಕೂಡ್ರಿ ಅಲ್ಲಿ," ಎಂದು ಮೆಟ್ಟಿಲು ತೋರಿಸಿದಳು.

ಅವ್ವ ಕೂತಳು. ತನ್ನ ಸೀರೆಯನ್ನು ಇನ್ನೊಬ್ಬಳು ಒಗೆಯುವಾಗ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಮೊಣಕಾಲ ಮೇಲಿಟ್ಟಳು, ಕಡೆಗೆ ಸೆರಗಿನೊಳಗೆ ಮುಚ್ಚಿಕೊಂಡಳು. ಸೀರೆ ಕಲ್ಲಿಗೆ ಬಡಿಯುವ ಸದ್ದಿನ ನಡುವೆ ಅವಳು ಮಾತಾಡತೊಡಗಿದಳು. ನನಗೂ ಅಣ್ಣನಿಗೂ ಎಂದೂ ಹೇಳದ ಮಾತು ಅದು.

"ಈಕಿನ್ನ ಹಡದು ಮೂರು ದಿನ ಆಗಿತ್ರಿ. ನಾ ಹಡದ ದಿನಾನೇ ಗೌಡರ ಸೊಸಿನೂ ಹಡದಿದ್ಲು. ಆಕಿ ಅರಿವಿ ಒಯ್ಯಾಕ ಅಗಸರಾಕಿ ಬಂದ್ಲು. ನನ್ನವು ನಾನೇ ಹೊತಕೊಂಡು ಹಳ್ಳಕ್ಕ ಹೋದೆ. ಎದ್ದು ನಿಂದ್ರಾಕ ಆಗ್ತಿರಲಿಲ್ಲ. ಅಗಸರಾಕಿ ಮ್ಯಾಲಿನ ಕಲ್ಲಿಗಿ, ನಾ ಕೆಳಗಿನ ಕಲ್ಲಿಗಿ. ಆಕಿ ನನ್ನ ನೋಡಿದ್ಲು. ಒಂದು ಮಾತು ಆಡಲಿಲ್ಲ."

ಬಡಿಯುವ ಸದ್ದು ನಿಂತಿತು. ಮಾಲಕಿ ಬಗ್ಗಿದಲ್ಲೇ ಇದ್ದಳು.

"ನಾನೂ ಊರಾಗ ಇದ್ದಾಗ ಹಂಗೇ ನೋಡೀನ್ರಿ," ಎಂದಳು. "ನಾನೂ ಮಾತಾಡಿಸಿಲ್ಲ."

ಅವಳು ಸೀರೆಯನ್ನು ಹೌಜಿನ ನೀರಲ್ಲಿ ಜಾಲಿಸಿ, ಹಿಂಡಿ, ಒಂದು ತುದಿ ಹಿಡಿದು ಹಿಂದಕ್ಕೆ ನಡೆದಳು. "ಆ ಕಡಿ ಹಿಡೀರಿ, ಜಾಡಿಸೂಣು," ಎಂದಳು ಅವ್ವನಿಗೆ. ಅವ್ವ ಎದ್ದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಜೋರಾಗಿ ಜಾಡಿಸಿದರು. ನೀರಿನ ಹನಿ ನನ್ನ ಮುಖಕ್ಕೆ ಸಿಡಿಯಿತು. ಅವ್ವ ಸೀರೆಯ ತುದಿ ಬಿಡದೆ, ನನ್ನ ಕಡೆ ನೋಡದೆ ಹೇಳಿದಳು.

"ಕಲ್ಲೂರಿಗೆ ಬ್ಯಾಡಂತ ನಾ ಹೇಳಿ ಕಳಿಸ್ತೀನಿ. ನೀ ಸಾಲಿಗಿ ಹೋಗು."